ಓಬಳಯ್ಯನ ಬೆಕ್ಕಿಗೆ ಹಗ್ಗ

ಕೊಂಬು ಕೂಗಿತು ಅಂದರೆ ನಮ್ಮೂರಲ್ಲಿ ಯಾರೂ ಎರಡನೇ ಮಾತು ಆಡುವುದಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೆ ಮುಚ್ಚಳ ಒತ್ತಿ ಕೊಕ್ಕೆ ಹಾಕಬೇಕು, ತೊಟ್ಟಿಲಲ್ಲಿ ಮಗುವಿದ್ದರೆ ಬಲೆ ಎಳೆಯಬೇಕು, ಸೊಂಟಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿಕೊಂಡು ಕೂತುಬಿಡಬೇಕು. ಅಷ್ಟರಲ್ಲಿ ಹಗುರ ಬಂದೇಬಿಡುತ್ತದೆ. ಮೊದಲು ಕಿವಿಯ ಜುಮುಕಿ ಮೇಲಕ್ಕೇಳುತ್ತವೆ, ಆಮೇಲೆ ಸೆರಗು, ಆಮೇಲೆ ನಾವು. ಜಗಲಿಯಿಂದ ಗೇಣುದ್ದ ಮೇಲೆ, ಚಕ್ಕಳಮಕ್ಕಳ ಹಾಕಿದ ಹಾಗೇ ತೇಲುತ್ತಾ ಎದುರುಮನೆಯವರ ಜೊತೆ ಹರಟೆ ಹೊಡೆಯುತ್ತೇವೆ. ದಿನಕ್ಕೊಂದು ಸಲ ಬರುತ್ತದೆ, ಅದಕ್ಕೆ ಹೊತ್ತುಗೊತ್ತು ಇಲ್ಲ. ಬೆಳಕಿರುವಾಗಲೇ ಬರುತ್ತದಲ್ಲ, ಅದೇ ನಮ್ಮ ಪುಣ್ಯ. ಎಲೆ ಅಡಿಕೆ ಹಾಕಿಕೊಂಡು ಜಗಿದು ಮುಗಿಸುವಷ್ಟು ಹೊತ್ತು ಇರುತ್ತದೆ. ಕೊಂಬು ಮತ್ತೆ ಎರಡು ಸಲ ಗಿಡ್ಡಗೆ ಕೂಗಿದರೆ ಭಾರ ಬರುತ್ತಿದೆ ಎಂದು ಅರ್ಥ. ಆಗ ಎಲ್ಲಿದ್ದವರು ಅಲ್ಲೇ ನೆಲ ಹಿಡಿಯಬೇಕು, ಇಲ್ಲದಿದ್ದರೆ ಕೈಕಾಲು ಮುರಿದುಕೊಳ್ಳಬೇಕು.

ಆ ಕೊಂಬು ಊದುವವರು ನನ್ನ ಗಂಡ ಮರುಳಪ್ಪ. ಊರ ನಡುವಿನ ಬುರುಜಿನ ಮೇಲೆ ಕೂತು ಕೆರೆಯ ನೀರನ್ನು ನೋಡುತ್ತಿರುವುದೇ ಅವರ ಕೆಲಸ. ನೀರು ನಡುವೆ ಉಬ್ಬಿದರೆ ಹಗುರ, ಉಬ್ಬು ಇಳಿಯತೊಡಗಿದರೆ ಭಾರ. ಇಡೀ ಊರನ್ನು ಕಾಯುವ ಈ ಮಹಾನುಭಾವರು ಹಗುರದ ಹೊತ್ತಿಗೆ ಒಂದು ದಿನವೂ ಮನೆಯಲ್ಲಿ ಇರುವವರಲ್ಲ. ಹೀಗಾಗಿ ನಾನು ಒಬ್ಬಳೇ ಕಟ್ಟಿಕೊಂಡು ಒಬ್ಬಳೇ ಬಿಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ.

ನಮ್ಮಲ್ಲಿ ಮನೆಗೊಂದು ಗಂಟು. ಸೊಸೆ ಮನೆ ತುಂಬಿದ ದಿನ ಅತ್ತೆ ಮೊದಲು ಕಲಿಸುವುದು ಅಡುಗೆಯನ್ನಲ್ಲ, ಆ ಮನೆಯ ಗಂಟನ್ನು. ಹಗುರದಲ್ಲಿ ಎಳೆದಾಡಿದ ಗಂಟು ಗೊತ್ತಿಲ್ಲದವರ ಕೈಗೆ ಬಿಚ್ಚುವುದಿಲ್ಲ, ಎಳೆದಷ್ಟೂ ಬಿಗಿಯುತ್ತದೆ. ಕಟ್ಟಿದವರು ಎದುರಿಗಿದ್ದರೆ ಅವರೇ ಬಿಚ್ಚಬೇಕು, ಇಲ್ಲವಾದರೆ ಆ ಮನೆಯವರು. ಹಗ್ಗ ಕತ್ತರಿಸುವ ಮಾತನ್ನು ನಾವು ಬಾಯಲ್ಲೂ ಆಡುವುದಿಲ್ಲ. ಹೊರಗಿನವರಿಗೆ ಗಂಟು ಕಲಿಸುವ ಪದ್ಧತಿಯೂ ಇಲ್ಲ. ಇನ್ನೊಂದು ಮಾತು, ಕಟ್ಟುವ ಮೊದಲು ಹಿಮ್ಮಡಿಯಿಂದ ಕಂಬದ ಬುಡ ಗುದ್ದಿ ನೋಡಬೇಕು. ಗುಂಡುಕಲ್ಲೂ ಹಗುರದಲ್ಲಿ ತೇಲುತ್ತದೆ, ನೆಲದೊಳಗೆ ಇಳಿದದ್ದು ಮಾತ್ರ ನಿಲ್ಲುತ್ತದೆ. ನಮ್ಮ ಮಕ್ಕಳು ಮಾತು ಕಲಿಯುವ ಮೊದಲೇ ಬುಡ ಗುದ್ದುವುದನ್ನು ಕಲಿಯುತ್ತವೆ.

ಇಷ್ಟೆಲ್ಲ ಕಟ್ಟುವ ಊರಲ್ಲಿ ಒಂದೇ ಒಂದು ಜೀವ ಕಟ್ಟಿಲ್ಲದೆ ಹೊರಗಿತ್ತು. ಅದು ನಮ್ಮ ಪಕ್ಕದ ಮನೆಯ ಓಬಳಯ್ಯಮಾವನ ಬೆಕ್ಕು. ಓಬಳಯ್ಯಮಾವ ಯಾರು ಗೊತ್ತೇ? ಇಡೀ ಊರಿಗೆ ಹಗ್ಗ ಹೊಸೆದು ಕೊಡುವವನು! ನನ್ನ ಸೊಂಟದ ಹಗ್ಗ ಅವನದು, ನನ್ನ ಗಂಡನನ್ನು ಬುರುಜಿಗೆ ಹಿಡಿದಿಟ್ಟಿದ್ದು ಅವನ ಹಗ್ಗ. ಹೆಂಡತಿ ಬೋರಮ್ಮ ಹೋದ ಮೇಲೆ ಅವನು ಒಬ್ಬನೇ ಇದ್ದ. ಅಂಗಳದ ತುಂಬಾ ತೆಂಗಿನ ನಾರು ಹರಡಿಕೊಂಡು, ನೆಲಕ್ಕೆ ಬಡಿದ ಕಬ್ಬಿಣದ ಗೂಟಕ್ಕೆ ಎಳೆ ಸಿಕ್ಕಿಸಿ, ಹಿಂದೆ ಹಿಂದೆ ನಡೆಯುತ್ತಾ ದಿನವೆಲ್ಲ ಹೊಸೆಯುತ್ತಿದ್ದ. ಅವನು ಹಿಂದೆ ನಡೆದ ಹಾಗೆಲ್ಲ ಬೆಕ್ಕೂ ಅವನ ಜೊತೆ ಹಿಂದೆ ಮುಂದೆ ನಡೆಯುತ್ತಿತ್ತು. ಬೂದಿ ಬಣ್ಣದ ಹೆಣ್ಣುಬೆಕ್ಕು, ಎಡಗಿವಿಯ ತುದಿ ಹರಿದಿತ್ತು. ಅವನು ಅದಕ್ಕೊಂದು ಹೆಸರಿಟ್ಟಿರಲಿಲ್ಲ. ನಾನೇ ಬೂದಿ ಎಂದು ಕರೆಯುತ್ತಿದ್ದೆ. ಸಂಜೆಯಾದರೆ ಮಾವ ಬಾಗಿಲು ಹಾಕಿಕೊಳ್ಳುತ್ತಿದ್ದ, ಬೂದಿ ಹೊಸ್ತಿಲ ಹೊರಗೆ ಮುದುಡಿಕೊಂಡು ಮಲಗುತ್ತಿತ್ತು. ಕೊಂಬು ಕೂಗಿದರೆ ಮಾವ ಒಳಗೆ ಹೋಗಿ ಕಟ್ಟಿಕೊಳ್ಳುತ್ತಿದ್ದ, ಬೂದಿ ಹೊರಗೇ ಉಳಿಯುತ್ತಿತ್ತು.

"ಮಾವ, ಈ ಬೆಕ್ಕು ನಿಂದಲ್ವಾ?" ಎಂದು ಒಂದು ದಿನ ಗೋಡೆಯ ಮೇಲಿಂದ ಕೇಳಿದೆ.

"ನಂದ್ಯಾಕಾಗುತ್ತೆ? ಬರುತ್ತೆ, ಹೋಗುತ್ತೆ."

"ದಿನಾ ಹಾಲು ಇಡ್ತೀಯಲ್ಲ?"

"ನಾನು ಇಡ್ತೀನಿ, ಅದು ಕುಡಿಯುತ್ತೆ. ಅಷ್ಟೇ."

"ಹಗುರದಾಗೆ ಅದರ ಗತಿ?"

ಮಾವ ನಾರಿನ ಎಳೆಯನ್ನು ತೊಡೆಯ ಮೇಲೆ ಉಜ್ಜಿದ.

ಅವತ್ತಿನಿಂದ ನನಗೆ ಅದೇ ಚಿಂತೆ. ಹಗುರ ಬಂದಾಗ ಎದುರುಮನೆಯವರ ಜೊತೆ ಮಾತು ಬಿಟ್ಟೆ. ಹಗ್ಗ ಇರುವಷ್ಟೂ ಎಳೆದುಕೊಂಡು, ಕತ್ತು ಉದ್ದ ಮಾಡಿ ಅವನ ಅಂಗಳ ನೋಡತೊಡಗಿದೆ. ಒಣಗಿದ ಎಲೆ, ನಾರಿನ ಚೂರು, ಯಾರದೋ ಮನೆಯ ಚಪ್ಪಲಿ ಎಲ್ಲ ತೇಲಿ ಹೋಗುವುದು ಕಾಣುತ್ತಿತ್ತು, ಬೆಕ್ಕು ಮಾತ್ರ ಕಾಣುತ್ತಿರಲಿಲ್ಲ. ಭಾರ ಬಂದ ಮೇಲೆ ಎಲ್ಲಿಂದಲೋ ಮೈ ಕೊಡವಿಕೊಂಡು ಬರುತ್ತಿತ್ತು. ಒಂದು ದಿನ ಮೂಗು ತರಚಿರುತ್ತಿತ್ತು, ಇನ್ನೊಂದು ದಿನ ಮೈಯೆಲ್ಲ ಒದ್ದೆ. ಅದು ಬರುವ ತನಕ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು.

"ನನ್ನನ್ನ ಯಾವತ್ತಾದ್ರೂ ಹಿಂಗೆ ಕಾದಿದ್ದೀಯೇನೆ ಕೊಟ್ರಿ?" ಎಂದು ನನ್ನ ಗಂಡ ಚುಡಾಯಿಸಿದರು. "ಬುರುಜಿನ ಮೇಲೆ ನಾನೂ ಗಾಳಿಯಾಗೇ ಇರ್ತೀನಿ!"

"ನೀವೇನು ಹೊಸ್ತಿಲ ಹೊರಗೆ ಮಲಗ್ತೀರಾ?" ಎಂದೆ. ಅವರು ಮುದ್ದೆಯ ತಟ್ಟೆ ಮುಂದಕ್ಕೆ ಎಳೆದುಕೊಂಡರು.

ಕೊನೆಗೊಂದು ದಿನ ಬೂದಿಯ ಗುಟ್ಟು ನನಗೆ ಸಿಕ್ಕಿತು. ಮಾವನ ಅಂಗಳದ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಕೆಳಗೆ ನೀರು ಹೋಗಲು ಗೋಡೆಯಲ್ಲಿ ಒಂದು ಬಚ್ಚಲ ಕಿಂಡಿ. ಕೊಂಬು ಕೂಗಿದ್ದೇ ತಡ ಅದು ಓಡಿ ಹೋಗಿ ಕಿಂಡಿಯೊಳಗೆ ಮೈ ತುರುಕಿತು, ಬಾಲವನ್ನೂ ಒಳಗೆ ಎಳೆದುಕೊಂಡಿತು! ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಭೇಷ್ ಕಣೇ ಬೂದಿ, ಯಾರ ಹಂಗೂ ಇಲ್ಲದೆ ನಿನ್ನ ದಾರಿ ನೀನೇ ಮಾಡಿಕೊಂಡಿದ್ದೀಯಲ್ಲ ಎಂದು ಕೂಗಿಯೇಬಿಟ್ಟೆ. ಅವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಆ ನೆಮ್ಮದಿ ಬಹಳ ದಿನ ಬಾಳಲಿಲ್ಲ. ಬೂದಿಯ ಹೊಟ್ಟೆ ದಪ್ಪಗಾಗುತ್ತಾ ಬಂತು. ಮೊದಲು ಹಾಲು ಮೈಗೆ ಹತ್ತಿದೆ ಅಂದುಕೊಂಡೆ. ಆಮೇಲೆ ಅದು ಗೋಡೆ ಹತ್ತುವಾಗ ಏದುಸಿರು ಬಿಡುವುದನ್ನು ನೋಡಿದೆ, ಹೆಂಗಸಿಗೆ ಅಷ್ಟು ಗೊತ್ತಾಗುವುದಿಲ್ಲವೇ? ಬಸುರಿ! ಕಿಂಡಿ ಮಾತ್ರ ಇದ್ದಷ್ಟೇ ಇತ್ತು. ದಿನದಿನಕ್ಕೂ ಅದು ಒಳಗೆ ತೂರಲು ಹೆಚ್ಚು ಹೊತ್ತು ಹಿಡಿಯತೊಡಗಿತು. ಒಂದು ಮಧ್ಯಾಹ್ನ ಕೊಂಬು ಕೂಗಿತು, ಬೂದಿ ಓಡಿತು, ತಲೆ ಹೋಯಿತು, ಮುಂಗಾಲು ಹೋದವು, ಹೊಟ್ಟೆ ಸಿಕ್ಕಿಕೊಂಡಿತು. ಹಿಂದಕ್ಕೆ ಬಂತು, ಮತ್ತೆ ನುಗ್ಗಿತು, ಆಗಲಿಲ್ಲ. ಅಷ್ಟರಲ್ಲಿ ನನ್ನ ಜುಮುಕಿ ಮೇಲೆದ್ದವು. ಬೂದಿ ನೆಲ ಬಿಟ್ಟಿತು! ನಾನು ಕಿರುಚಿದೆ. ಅದು ಗಾಳಿಯಲ್ಲಿ ಲಾಗ ಹಾಕಿ ಬಟ್ಟೆ ಒಣಗಿಸುವ ಹಗ್ಗಕ್ಕೆ ನಾಲ್ಕೂ ಕಾಲಿನ ಉಗುರು ಹಾಕಿ ಜೋತುಬಿದ್ದಿತು. ಹಗುರ ಮುಗಿಯುವ ತನಕ ಅದು ಹಗ್ಗ ಬಿಡಲಿಲ್ಲ, ನಾನು ಕಿರುಚುವುದನ್ನು ಬಿಡಲಿಲ್ಲ.

ಭಾರ ಬಂದ ಕೂಡಲೇ ಹೋಗಿ ಅದನ್ನು ಎತ್ತಿ ನಮ್ಮ ಮನೆಗೆ ತಂದೆ. ಗೋಣಿ ಹಾಸಿದೆ, ಹಾಲು ಇಟ್ಟೆ, ಒಣಮೀನಿನ ಚೂರು ಇಟ್ಟೆ. ಅದು ಏನನ್ನೂ ಮೂಸಲಿಲ್ಲ. ಬಾಗಿಲು ಪರಚಿತು, ನನ್ನ ಕೈಯನ್ನೂ ಪರಚಿತು, ಕಿಟಕಿಯಿಂದ ಹಾರಿ ಹೋಗಿ ಮಾವನ ಹೊಸ್ತಿಲ ಮೇಲೆ ಕೂತಿತು. ಅದಕ್ಕೆ ಬೇಕಾದದ್ದು ಅದೊಂದೇ ಜಾಗ. ಒಳಗೆ ಬಿಡದ ಬಾಗಿಲಿಗೆ ಮುಖ ಮಾಡಿ ಕೂತ ಅದನ್ನು ನೋಡಿ ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನೆಟ್ಟಗೆ ಹೋಗಿ ಬಾಗಿಲು ಬಡಿದೆ.

"ಮಾವ, ಇದು ಬಸುರಿ. ಕಿಂಡಿಯಾಗೆ ಹಿಡಿಸ್ತಾ ಇಲ್ಲ. ನಾಳೆ ತೇಲಿ ಹೋದ್ರೆ ಎಲ್ಲಿ ಬೀಳುತ್ತೋ! ಒಂದು ಹಗ್ಗ ಕಟ್ಟು ಮಾವ. ಊರಿಗೆಲ್ಲ ಹೊಸೀತೀಯ, ಇದಕ್ಕೊಂದು ಮೊಳ ಇಲ್ವಾ?"

ಮಾವನ ಮುಖ ಬಿಳಿಚಿಕೊಂಡಿತು. ಬೆಕ್ಕಿನ ಹೊಟ್ಟೆಯನ್ನು ಬಹಳ ಹೊತ್ತು ನೋಡಿದ.

"ನಾನು ಕಟ್ಟಲ್ಲ," ಅಂದ.

"ಯಾಕೆ?"

"ಕಟ್ಟಲ್ಲ ಅಂದ್ನಲ್ಲ ಕೊಟ್ರಮ್ಮ."

"ಎದೆಯಾಗೆ ಏನಿಟ್ಕೊಂಡಿದ್ದೀಯ ಮಾವ, ಕಲ್ಲಾ?" ಎಂದುಬಿಟ್ಟೆ. ಬೋರಮ್ಮತ್ತೆ ಇದ್ದಿದ್ದರೆ ಹೀಗೆ ಬಿಡುತ್ತಿದ್ದಳಾ ಎಂದೂ ಸೇರಿಸಿದೆ. ಮಾವ ಬಾಗಿಲು ಮುಚ್ಚಿದ. ಬೂದಿ ಮುಚ್ಚಿದ ಬಾಗಿಲಿಗೆ ಕೆನ್ನೆ ಉಜ್ಜಿತು.

ಅವನು ಕಟ್ಟದಿದ್ದರೆ ನಾನೇ ಕಟ್ಟುತ್ತೇನೆ ಎಂದು ಬೆಳಗಾಗುವುದರಲ್ಲಿ ತೀರ್ಮಾನ ಮಾಡಿಬಿಟ್ಟೆ. ಹಳೆಯ ಸೀರೆಯ ಅಂಚು ಹರಿದು, ಮೆತ್ತಗೆ ಮಡಿಸಿ ಹೊಲಿದು, ಬೂದಿಯ ಎದೆ ಬಳಸುವ ಹಾಗೆ ಒಂದು ಪಟ್ಟಿ ಮಾಡಿ, ಅದಕ್ಕೊಂದು ಗಟ್ಟಿ ದಾರ ಸೇರಿಸಿದೆ. ಮಾವ ಹಗ್ಗದ ಸಿಂಬಿಗಳನ್ನು ಹೆಗಲಿಗೆ ಹಾಕಿಕೊಂಡು ಪೇಟೆಗೆ ಹೊರಟಿದ್ದೇ ನಾನು ಅವನ ಅಂಗಳಕ್ಕೆ ನುಗ್ಗಿದೆ. ಬೂದಿ ಹೊಸ್ತಿಲ ಮೇಲೆ ಕಾಲು ಚಾಚಿ ಮಲಗಿತ್ತು. ಅದರ ಜಾಗ ಬಿಡಿಸದೆ ಕಟ್ಟಿದರೆ ಪರಚುವುದಿಲ್ಲ ಎನ್ನುವುದು ನನ್ನ ಲೆಕ್ಕ. ಬಾಗಿಲ ಪಕ್ಕದಲ್ಲೇ, ಬಲೆ ಹೊದಿಸಿ ಬಿಗಿದ ನಾರಿನ ಗುಡ್ಡೆಯ ಹಿಂದೆ, ಬೋರಮ್ಮತ್ತೆ ಹಾಕಿದ ದಾಸವಾಳದ ಗಿಡ ಇತ್ತು, ನನ್ನ ತೋಳಿನಷ್ಟು ದಪ್ಪದ ಕಾಂಡ, ಮೈತುಂಬಾ ಹೂವು. ಇದಕ್ಕಿಂತ ಗಟ್ಟಿ ಏನು ಬೇಕು? ಪಟ್ಟಿ ತೊಡಿಸಿ, ದಾರದ ತುದಿಯನ್ನು ಆ ಕಾಂಡಕ್ಕೆ ನಮ್ಮ ಮನೆಯ ಗಂಟಿನಲ್ಲಿ ಬಿಗಿದೆ. ಬೂದಿ ಒಮ್ಮೆ ಪಟ್ಟಿಯನ್ನು ಮೂಸಿ ಮತ್ತೆ ಮಲಗಿತು. ಅಷ್ಟರಲ್ಲೇ ಕೊಂಬು! ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ನನ್ನ ಜಗಲಿಯ ಕಂಬಕ್ಕೆ ನನ್ನನ್ನು ಕಟ್ಟಿಕೊಂಡೆ. ಗೆದ್ದೆ ಅಂದುಕೊಂಡೆ. ಮಾವ ಬಂದು ನೋಡಲಿ, ಕಟ್ಟುವುದು ಹೇಗೆ ಎಂದು ಗೊತ್ತಾಗಲಿ!

ಹಗುರ ಬಂತು. ಬೂದಿ ಹೊಸ್ತಿಲಿಂದ ಒಂದಿಷ್ಟು ಎದ್ದಿತು, ದಾರ ಬಿಗಿಯಿತು, ನಿಂತಿತು. ನಾನು ನಕ್ಕೆ. ಆಮೇಲೆ ದಾಸವಾಳ ಓಲಾಡಿತು. ಗಾಳಿ ಇರಬೇಕು ಅಂದುಕೊಂಡೆ. ಗಿಡ ಇನ್ನೊಂದಿಷ್ಟು ಓಲಾಡಿ, ನಾರಿನ ಗುಡ್ಡೆಯ ಹಿಂದಿನಿಂದ ಮೆಲ್ಲಗೆ ಮೇಲೆ ಬಂತು. ಗಿಡದ ಜೊತೆಗೆ ಒಂದು ಮರದ ಪೀಪಾಯಿಯೂ ಬಂತು!

ಅಯ್ಯೋ ನನ್ನ ಬುದ್ಧಿಗೆ! ಮಾವನ ಅಂಗಳವೆಲ್ಲ ಬಂಡೆ, ಅಲ್ಲಿ ಗಿಡ ಬೇರು ಬಿಡುವುದಾದರೂ ಎಲ್ಲಿ? ಬೋರಮ್ಮತ್ತೆ ಅದನ್ನು ಪೀಪಾಯಿಯಲ್ಲಿ ಹಾಕಿದ್ದಳು. ಆಮೇಲೆ ಗೊತ್ತಾದ ಹಾಗೆ, ಮಾವ ದಿನಾ ಬೆಳಗ್ಗೆ ಅದನ್ನು ಬಿಚ್ಚಿ ಬಿಸಿಲಿಗೆ ತಿರುಗಿಸಿ, ಕೊಂಬು ಕೂಗಿದಾಗ ಓಡಿ ಬಂದು ಗೂಟಕ್ಕೆ ಕಟ್ಟುತ್ತಿದ್ದ. ನಾರಿನ ಗುಡ್ಡೆ ಅಡ್ಡ ಇದ್ದುದರಿಂದ ನನಗೆ ಪೀಪಾಯಿ ಕಂಡಿರಲಿಲ್ಲ. ಮಾತು ಬಾರದ ಮಗುವೂ ಬುಡ ಗುದ್ದಿ ನೋಡುತ್ತದೆ, ನಾನು ಗುದ್ದಲಿಲ್ಲ. ಮಾವ ಪೇಟೆಯಿಂದ ಇನ್ನೂ ಬಂದಿರಲಿಲ್ಲ. ಗಿಡ, ಪೀಪಾಯಿ, ಅದರ ಕೆಳಗೆ ಜೋತಾಡುವ ಬಸುರಿ ಬೆಕ್ಕು, ಮೂರೂ ಹೆಂಚಿನ ಮಟ್ಟಕ್ಕೆ ಏರುತ್ತಿದ್ದವು. ಬೂದಿ ನಾಲ್ಕೂ ಕಾಲು ಅಗಲಿಸಿ ನನ್ನ ಕಡೆಗೇ ನೋಡಿ ಕೂಗಿತು.

ಇನ್ನು ಯೋಚನೆ ಮಾಡಲು ಹೊತ್ತಿರಲಿಲ್ಲ. ಹಗುರದಲ್ಲಿ ಬದುಕಿದವರು ಯಾರೂ ಮಾಡದ ಕೆಲಸ ಮಾಡಿದೆ, ನನ್ನ ಹಗ್ಗ ನಾನೇ ಬಿಚ್ಚಿದೆ. ಒಂದು ಕಾಲನ್ನು ಕಂಬಕ್ಕೆ ಸುತ್ತಿಕೊಂಡು, ಜಗಲಿಯ ಮೇಲಿದ್ದ ಬಾವಿಯ ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದೆ. ಜಗಲಿಯ ಅಂಚಿಗೆ ಎರಡೂ ಪಾದ ಊರಿ, ಮನೆದೇವರನ್ನು ನೆನೆದು ಒದ್ದೆ!

ಹೋದೆ ನೋಡಿ! ಗೋಡೆ ದಾಟಿದೆ, ನಾರಿನ ಗುಡ್ಡೆ ದಾಟಿದೆ, ನನ್ನ ಹೆಂಚು, ಮಾವನ ಹೆಂಚು ಎರಡೂ ಕಾಲ ಕೆಳಗೆ ಬಂದವು. ನಲವತ್ತು ದಾಟಿದ ಹೆಂಗಸು, ಸೀರೆ ಮೊಣಕಾಲಿಗೆ, ಜಡೆ ಆಕಾಶಕ್ಕೆ! ಬೀದಿಯ ಮನೆಗಳಿಂದ ಹೋ ಎಂದು ಕೂಗೆದ್ದಿತು. ಬುರುಜಿನ ಮೇಲಿಂದ ಕೊಂಬು ಕೂಗತೊಡಗಿತು, ಅದು ಹಗುರದ ಕೂಗೂ ಅಲ್ಲ, ಭಾರದ ಕೂಗೂ ಅಲ್ಲ. ಅದು ನನ್ನ ಗಂಡ ನನ್ನ ಹೆಸರು ಹಿಡಿದು ಕೂಗುವ ಬದಲು ಕೊಂಬಿನಲ್ಲಿ ಅರಚುತ್ತಿದ್ದುದು. ಭಯವಾಗಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಆಗಿತ್ತು, ಆದರೆ ಅದರ ಜೊತೆ ಎಂಥದೋ ಹುಚ್ಚು ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ದಾಸವಾಳದ ಕೊಂಬೆ ಕೈಗೆ ಸಿಕ್ಕಿತು. ಗಂಟು ನಮ್ಮ ಮನೆಯದು, ಬೆರಳುಗಳಿಗೆ ಬಾಯಿಪಾಠ. ಬಿಚ್ಚಿದ್ದೇ ಬೂದಿ ನನ್ನ ತೋಳು, ಹೆಗಲು, ಕತ್ತು ಎಲ್ಲ ಹತ್ತಿ ಇದ್ದ ಉಗುರನ್ನೆಲ್ಲ ನಾಟಿಸಿಬಿಟ್ಟಿತು. "ಬಂದೆ ಕಣವ್ವ, ಬಂದೆ," ಎನ್ನುತ್ತಾ ಅದರ ಹೊಟ್ಟೆಗೆ ಕೈ ಕೊಟ್ಟು ಹಿಡಿದೆ. ಒಳಗೆ ಮರಿಗಳು ಮಿಸುಕುವುದು ಅಂಗೈಗೆ ಗೊತ್ತಾಯಿತು. ಪೀಪಾಯಿಯನ್ನು ಕಾಲಿಂದ ತಳ್ಳಿದೆ, ಅದು ಹೂವಿನ ಸಮೇತ ಕೆರೆಯ ಕಡೆ ತೇಲಿ ಹೋಯಿತು. ಇನ್ನು ಹಗ್ಗ ಹಿಡಿದು ಇಳಿಯುವುದಷ್ಟೇ ಎಂದು ಕೆಳಗೆ ನೋಡಿದೆ.

ಕಂಬಕ್ಕೆ ಕಟ್ಟಿದ ತುದಿ ಬಿಚ್ಚಿಕೊಂಡಿತ್ತು. ಅವಸರದಲ್ಲಿ ಎಂಥ ಗಂಟು ಹಾಕಿದ್ದೆನೋ, ಹಗ್ಗ ಜಗಲಿಯ ಮೇಲಿಂದ ಸರಸರ ಸರಿದು ನನ್ನ ಹಿಂದೆಯೇ ಗೋಡೆ ಹತ್ತಿ ಬರುತ್ತಿತ್ತು. ಬೂದಿಯನ್ನು ಇನ್ನಷ್ಟು ಅವುಚಿಕೊಂಡೆ, ಅಷ್ಟೇ ನನ್ನಿಂದ ಆದದ್ದು.

ಆಗ ಓಬಳಯ್ಯಮಾವ ಬೀದಿಯ ತಿರುವಿನಲ್ಲಿ ಕಂಡ. ಬೀದಿ ಉದ್ದಕ್ಕೂ ಕಟ್ಟಿದ ಕೈಹಗ್ಗ ಹಿಡಿದು, ಒಂದೊಂದೇ ಕೈ ಮುಂದಿಡುತ್ತಾ ಮನೆಯ ಕಡೆ ಬರುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ, ಬೆಕ್ಕನ್ನು ನೋಡಿದ, ಬಾಲದ ಹಾಗೆ ಎಳೆದುಕೊಂಡು ಹೋಗುತ್ತಿದ್ದ ಹಗ್ಗವನ್ನು ನೋಡಿದ. ಕೈಹಗ್ಗ ಬಿಟ್ಟುಬಿಟ್ಟ! ಆ ವಯಸ್ಸಿನಲ್ಲಿ, ಸೊಂಟಕ್ಕೆ ಒಂದು ಹಗ್ಗವೂ ಇಲ್ಲದೆ, ಗೋಡೆಗೆ ಒದ್ದು ಅಂಗಳಕ್ಕೆ ಹಾರಿದ. ಒಂದು ಕೈಗೆ ಹಗ್ಗದ ತುದಿ ಸಿಕ್ಕಿತು, ಇನ್ನೊಂದು ಕೈಗೆ ಏನೂ ಸಿಗಲಿಲ್ಲ, ಅವನೂ ಎದ್ದ. ಎದ್ದವನು ಕಾಲನ್ನು ಕಬ್ಬಿಣದ ಗೂಟಕ್ಕೆ ಸಿಕ್ಕಿಸಿದ, ತಲೆಕೆಳಗಾಗಿಯೇ ಬಾಗಿ ಹಗ್ಗವನ್ನು ಗೂಟಕ್ಕೆ ಸುತ್ತಿ ಗಂಟು ಹಾಕಿದ. ನನ್ನ ಸೊಂಟಕ್ಕೆ ಜಗ್ಗು ಬಂತು, ನಿಂತೆ.

"ಬೆಕ್ಕು ಬಿಡಬೇಡ!" ಎಂದು ಕೂಗಿದ ಮಾವ. ನನ್ನ ಕ್ಷೇಮ ವಿಚಾರಿಸಲಿಲ್ಲ, ಮೊದಲು ಬೆಕ್ಕು!

ಎಳೆಯತೊಡಗಿದ. ಹೆಂಚಿನ ಮಟ್ಟಕ್ಕೆ ಬಂದೆವು. ಆಗಲೇ ಕೊಂಬು ಗಿಡ್ಡಗೆ ಎರಡು ಸಲ ಕೂಗಿತು. ಭಾರ! "ಮಾವ, ಬೇಗ!" ಎಂದೆ. ಅವನ ಕುತ್ತಿಗೆಯ ನರ ಉಬ್ಬಿತ್ತು, ಕೈಮೇಲೆ ಕೈ ಹಾಕಿ ಎಳೆದ, ಎಳೆದ, ಎಳೆದ. ಬಾಗಿಲ ತಲೆಯ ಮಟ್ಟಕ್ಕೆ ಬರುವಷ್ಟರಲ್ಲಿ ಜುಮುಕಿ ಕೆಳಕ್ಕೆ ಜೋತವು. ದೊಪ್ಪನೆ ಬಿದ್ದೆ. ಪುಣ್ಯಕ್ಕೆ ನಾರಿನ ಗುಡ್ಡೆಯ ಮೇಲೆ ಬಿದ್ದೆ. ಬೂದಿ ನನ್ನ ಎದೆಯಿಂದ ಹಾರಿ, ಏನೂ ಆಗಿಲ್ಲವೆಂಬಂತೆ ಹೊಸ್ತಿಲಿಗೆ ಹೋಗಿ, ಪಟ್ಟಿಯ ಸಮೇತ ಮೈ ನೆಕ್ಕಿಕೊಳ್ಳತೊಡಗಿತು. ಅದನ್ನು ನೋಡಿ ಮಾವ ನಕ್ಕ, ನಾನೂ ನಕ್ಕೆ. ನಗುತ್ತಾ ನಗುತ್ತಾ ಇಬ್ಬರೂ ಅಳುತ್ತಿದ್ದೆವು.

"ಮಾವ, ಗಿಡ ಹೋಯ್ತು," ಎಂದೆ. "ಅತ್ತೆಯ ಗಿಡ. ಬುಡ ಗುದ್ದದೆ ಕಟ್ಟಿಬಿಟ್ಟೆ, ತಪ್ಪಾಯ್ತು ಮಾವ."

"ಹೋಗ್ಲಿ ಬಿಡು. ಕೆರೆಯಾಗೆ ಬಿದ್ದಿರುತ್ತೆ, ತೇಲುತ್ತೆ," ಅಂದ. ಆಮೇಲೆ ಗೂಟದ ಹತ್ತಿರ ಕೂತು ತಾನೇ ಹಾಕಿದ ಗಂಟನ್ನು ನೋಡಿದ. ಅದು ಅವನ ಮನೆಯ ಗಂಟು, ನಾನು ಯಾವತ್ತೂ ಹತ್ತಿರದಿಂದ ನೋಡಿರಲಿಲ್ಲ. ಬಿಚ್ಚಲು ಹೋದವನು ಕೈ ಹಿಂದೆಗೆದ.

"ಯಾಕೆ ಕಟ್ಟಲ್ಲ ಅಂತ ಕೇಳಿದ್ಯಲ್ಲ. ಕೇಳು ಈಗ," ಅಂದ. "ಬೋರಿ ಹೋಗಿದ್ದು ಹಗುರದಾಗೆ. ನನ್ನ ಎದುರಿಗೇ ಕಂಬಕ್ಕೆ ಕಟ್ಕೊಂಡು ಕೂತಿದ್ದಳು. ಮಾತಾಡ್ತಾ ಮಾತಾಡ್ತಾ ಸುಮ್ಮನಾದಳು. ಭಾರ ಬಂತು, ಊರೆಲ್ಲ ಎದ್ದು ಕೆಲಸಕ್ಕೆ ಹೋಯ್ತು, ಅವಳು ಏಳಲಿಲ್ಲ. ನಾನಿದ್ದೆ, ಬಿಚ್ಚಿದೆ. ನಾಳೆ ನಾನೂ ಹಂಗೇ ಸುಮ್ಮನಾದ್ರೆ? ಈ ಗಂಟು ಬಲ್ಲೋರು ಯಾರವ್ವ ಉಳಿದಿರೋದು? ನನ್ನದು ಬಿಡು, ಹಗ್ಗದ ಸಮೇತ ಮಣ್ಣು ಮಾಡ್ತಾರೆ. ಇವಳನ್ನ ಒಳಗೆ ಕಟ್ಟಿ ನಾನು ಹೋಗಿಬಿಟ್ರೆ, ಮುಚ್ಚಿದ ಬಾಗಿಲ ಹಿಂದೆ, ಯಾರ ಕೈಗೂ ಬಿಚ್ಚದ ಗಂಟಿನಾಗೆ ಕೂಗಿ ಕೂಗಿ ಸಾಯಬೇಕಾ ಇವಳು? ಹೊರಗಿದ್ರೆ ಹೆಂಗೋ ಬದುಕ್ಕೊಳ್ತಾಳೆ ಅಂತ ಬಿಟ್ಟಿದ್ದೆ."

ಅವನು ಎದ್ದು ಬಾಗಿಲು ತೆಗೆದ. ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಹಗ್ಗ ನೇತಾಡುತ್ತಿತ್ತು. ತೆಂಗಿನ ನಾರಿನದಲ್ಲ, ಹತ್ತಿಯದು. ಕಿರುಬೆರಳಿಗಿಂತ ಸಣ್ಣ, ಮೆತ್ತಗೆ, ಬೆಣ್ಣೆಯ ಹಾಗೆ. ಯಾವ ಮನುಷ್ಯನಿಗೂ ಅಂಥ ಹಗ್ಗ ಬೇಕಾಗುವುದಿಲ್ಲ. ಅದರ ಮೇಲೆ ಧೂಳು ಕೂತಿತ್ತು. ಎಷ್ಟೋ ಹಿಂದೆಯೇ ಹೊಸೆದು, ತೂಗುಹಾಕಿ, ದಿನಾ ಬಾಗಿಲು ಹಾಕುವಾಗ ನೋಡಿಕೊಂಡು ಮಲಗುತ್ತಿದ್ದ. ಇವನಿಗೆ ಕಲ್ಲೆದೆ ಅಂದಿದ್ದೆನಲ್ಲ ಎಂದು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹಂಗಾದ್ರೆ ನನಗೆ ಕಲಿಸು," ಎಂದೆ.

"ಏನನ್ನ?"

"ನಿನ್ನ ಗಂಟನ್ನ."

ಮಾವ ನನ್ನ ಮುಖವನ್ನೇ ನೋಡಿದ. "ಹೊರಗಿನವರಿಗೆ ಕಲಿಸಲ್ಲ ಕೊಟ್ರಮ್ಮ, ಗೊತ್ತಲ್ಲ."

"ಈಗ ತಾನೇ ಆ ಗಂಟಿನಾಗೆ ನನ್ನ ಜೀವ ಹಿಡಿದ್ಯಲ್ಲ ಮಾವ, ನಾನು ಇನ್ನೂ ಹೊರಗಿನವಳಾ?"

ಅವನು ಮೊಳೆಯಿಂದ ಆ ಸಣ್ಣ ಹಗ್ಗ ತೆಗೆದು ಧೂಳು ಕೊಡವಿದ. ನನ್ನ ಎದುರು ಕೂತು ನನ್ನ ಬೆರಳುಗಳನ್ನು ಹಿಡಿದು ಸುತ್ತಿಸಿದ, ತಿರುಗಿಸಿದ, ತೂರಿಸಿದ. ಎಷ್ಟು ಸಲ ತಪ್ಪಿದೆನೋ! ಒಂದು ಕಡೆ ಹಗ್ಗವನ್ನು ಎಡಕ್ಕೆ ತರಬೇಕು, ನನ್ನ ಕೈ ಹಟ ಹಿಡಿದು ಬಲಕ್ಕೇ ಹೋಗುತ್ತಿತ್ತು. "ಬೋರೀನೂ ಇಲ್ಲೇ ತಪ್ಪುತ್ತಿದ್ದಳು," ಎಂದು ಮಾವ ಗೊಣಗಿದ. ಅಷ್ಟರಲ್ಲಿ ನನ್ನ ಗಂಡ ಓಡುತ್ತಾ ಬಂದರು, ಮುಖ ಬೆವರಿನಲ್ಲಿ ತೊಯ್ದು ಹೋಗಿತ್ತು. ನನ್ನನ್ನು ಬೈಯಲು ಬಾಯಿ ತೆರೆದವರು, ನಾವಿಬ್ಬರೂ ಏನು ಮಾಡುತ್ತಿದ್ದೇವೆ ಎಂದು ನೋಡಿ ಬಾಯಿ ಮುಚ್ಚಿದರು. ಬೇರೆ ಮನೆಯ ಗಂಟು ಹಾಕುವುದನ್ನು ನೋಡಬಾರದು ಎಂದು ಬೆನ್ನು ತಿರುಗಿಸಿ ಹೊರಗೆ ಹೋಗಿ ಕೂತರು. ಸಂಜೆ ಅವರೇ ಕೆರೆಗೆ ಹೋಗಿ ಪೀಪಾಯಿ ಎಳೆದು ತಂದರು. ಹೂವು ಒಂದೂ ಉಳಿದಿರಲಿಲ್ಲ, ಗಿಡ ಉಳಿದಿತ್ತು.

ಮರುದಿನ ಬೆಳಗಿನಿಂದಲೇ ನಾನು ಮಾವನ ಮನೆಯಲ್ಲಿದ್ದೆ. ಬೂದಿಯೂ ಒಳಗೆ ಬಂದಿತ್ತು, ಹೊಸ್ತಿಲ ಒಳಗೆ! ಮೂಲೆ ಮೂಲೆ ಮೂಸಿ, ಬೋರಮ್ಮತ್ತೆಯ ಹಳೆಯ ಕೌದಿಯ ಮೇಲೆ ಮಲಗಿ, ಮತ್ತೆ ಎದ್ದು, ಮತ್ತೆ ಮಲಗುತ್ತಿತ್ತು. ಕೊಂಬು ಕೂಗಿತು. ನಾನು ಸಣ್ಣ ಹಗ್ಗ ತೆಗೆದುಕೊಂಡು ಪಟ್ಟಿಗೆ ಸಿಕ್ಕಿಸಿ, ಒಳಗಿನ ಕಂಬದ ಬುಡವನ್ನು ಹಿಮ್ಮಡಿಯಿಂದ ಗುದ್ದಿ, ಮಾವನ ಮನೆಯ ಗಂಟು ಹಾಕಿದೆ. ಎಡಕ್ಕೆ ತರಬೇಕಾದ ಕಡೆ ಎಡಕ್ಕೇ ತಂದೆ. ಮಾವ ಎಳೆದು ನೋಡಿ ತಲೆಯಾಡಿಸಿದ. ಆಮೇಲೆ ತನ್ನ ಸೊಂಟದ ಹಗ್ಗವನ್ನು ಕೈಗೆತ್ತಿಕೊಂಡು, ಒಂದು ಗಳಿಗೆ ಹಿಡಿದುಕೊಂಡಿದ್ದು, ಅದರ ತುದಿಯನ್ನು ನನ್ನ ಕಡೆ ಚಾಚಿದ.

"ಇದನ್ನೂ ನೀನೇ ಕಟ್ಟವ್ವ," ಅಂದ.

ನಾನು ಕಟ್ಟಿದೆ, ಆಮೇಲೆ ನನ್ನನ್ನೂ ಕಟ್ಟಿಕೊಂಡೆ. ಜುಮುಕಿ ಎದ್ದವು. ಮೂವರೂ ನೆಲ ಬಿಟ್ಟೆವು. ಬೂದಿ ಒಂದು ಸಲ ಕೂಗಿತು, ಮೈ ಬಿಗಿದು ಇನ್ನೊಂದು ಸಲ ಕೂಗಿತು. "ಮಾವ! ಹೆರ್ತಾ ಇದೆ!" ಎಂದು ನಾನು ಚೀರಿದೆ. ಒದ್ದೆಯಾದ ಒಂದು ಪುಟ್ಟ ಮರಿ ಗಾಳಿಗೆ ಬಂತು, ಯಾವ ಹಗ್ಗವೂ ಇಲ್ಲದೆ, ಕಣ್ಣೂ ಬಿಡದೆ, ಮೆಲ್ಲಗೆ ಸೂರಿನ ಕಡೆ ಹೊರಟಿತು. ಮಾವ ಹಗ್ಗದ ತುದಿಯವರೆಗೂ ಎಗರಿ ಎರಡೂ ಅಂಗೈಯಲ್ಲಿ ಅದನ್ನು ಹಿಡಿದ! "ಸಿಕ್ಕಿತು ಕಣವ್ವ, ಸಿಕ್ಕಿತು!" ಎಂದು ಹುಡುಗನ ಹಾಗೆ ಕೂಗಿದ. ಇನ್ನೊಂದು ಬಂತು, ಅದು ನನ್ನ ಪಾಲಿಗೆ. ಮೂರನೆಯದನ್ನು ಮಾವನೇ ಹಿಡಿದ. ಹಿಡಿದು ಹಿಡಿದು ತಾಯಿಯ ಬಾಯಿಗೆ ಕೊಟ್ಟೆವು, ಅದು ನೆಕ್ಕಿ ಕೊಟ್ಟದ್ದನ್ನು ಮತ್ತೆ ಎದೆಗೆ ಅವುಚಿಕೊಂಡೆವು.

ಕೊಂಬು ಗಿಡ್ಡಗೆ ಎರಡು ಸಲ ಕೂಗಿತು. ಎಲ್ಲರೂ ಕೌದಿಯ ಮೇಲೆ ಇಳಿದೆವು. ಮರಿಗಳು ತಾಯಿಯ ಹೊಟ್ಟೆ ಹುಡುಕಿಕೊಂಡವು. ಹೊರಗೆ ಬೀದಿಯಲ್ಲಿ ಜನ ಹಗ್ಗ ಬಿಚ್ಚಿ, ಬಲೆ ತೆಗೆದು, ಅವರವರ ಕೆಲಸಕ್ಕೆ ಹೊರಟ ಸದ್ದು ಕೇಳುತ್ತಿತ್ತು. ನನ್ನ ಹಗ್ಗ ಬಿಚ್ಚಿಕೊಂಡು ಬೂದಿಯದನ್ನೂ ಬಿಚ್ಚಿದೆ. ಮಾವ ಇನ್ನೂ ಕಂಬಕ್ಕೆ ಕಟ್ಟಿಕೊಂಡೇ ಕೂತಿದ್ದ. ಗಂಟು ಅವನ ಮನೆಯದೇ, ಬಿಚ್ಚಲು ಅವನಿಗೂ ಬರುತ್ತಿತ್ತು. ಆದರೆ ಕಟ್ಟಿದವಳು ಎದುರಿಗಿದ್ದಳಲ್ಲ, ಕೈ ಹಾಕಲಿಲ್ಲ. ನಾನು ಅವಸರದಿಂದ ಅವನ ಬಳಿ ಹೋಗಿ ಗಂಟಿಗೆ ಬೆರಳು ಹಾಕಿದೆ.

"ನಿಧಾನಕ್ಕೆ ಬಿಚ್ಚವ್ವ," ಅಂದ ಮಾವ, ಮರಿಗಳ ಮೇಲಿಂದ ಕಣ್ಣು ತೆಗೆಯದೆ. "ಈಗೇನು ಅವಸರ?"